ಗೋಕರ್ಣ: ಕುಡ್ಲೆ – ಓಂ – ಹಾಫ್ ಮೂನ್ ಬೀಚ್‌ಗಳ ಗುಡ್ಡದಂಚಿನ ದಾರಿ. ಮಕ್ಕಳು, ಅಜ್ಜಿ ಜೊತೆ ಎಲ್ಲಿವರೆಗೆ ಹೋಗಬಹುದು?

ತುಮಕೂರು_ಟೆಂಟ್

ಡಿಸೆಂಬರ್ ಕೊನೇ ವಾರ ಗೋಕರ್ಣಕ್ಕೆ ಹೊರಟಿದ್ದೇವೆ. ಒಟ್ಟು ಆರು ಜನ. ದೊಡ್ಡವರು ಮೂವರು, ಮಕ್ಕಳು ಇಬ್ಬರು (6 ಮತ್ತು 11 ವರ್ಷ), ಅಮ್ಮ (66; ಮಂಡಿನೋವು ಇದೆ, ಆದರೆ ಸಮತಟ್ಟಿನಲ್ಲಿ 3 ಕಿ.ಮೀ. ನಡೆಯುತ್ತಾರೆ). ದೇವಸ್ಥಾನದಿಂದ ಪ್ಯಾರಡೈಸ್ ಬೀಚ್‌ವರೆಗೂ ಸಮುದ್ರ ನೋಡ್ತಾ ಗುಡ್ಡದ ಮೇಲೇ ಹೋಗಬೇಕು ಅಂತ ಆಸೆ. ವಿಡಿಯೋಗಳಲ್ಲಿ ಎಲ್ಲರೂ ನಗುನಗುತ್ತಾ ನಡೀತಾರೆ, ಎಲ್ಲಿ ಕಷ್ಟ ಅಂತ ಯಾರೂ ಹೇಳಲ್ಲ. ಒಂದೇ ದಿನಕ್ಕೆ ಆಗುತ್ತಾ? ಬೆಳಿಗ್ಗೆ ಒಳ್ಳೇದಾ, ಸಂಜೆ ಒಳ್ಳೇದಾ?

ತದಡಿ_ದೋಣಿ

ಆಗ್ತದೆ, ಆದ್ರೆ ಪೂರ್ತಿ ಅಲ್ಲ. ನಾಲ್ಕು ತುಂಡು ಮಾಡಿ ನೋಡಿ.

ಮೊದಲನೇದು, ದೇವಸ್ಥಾನದಿಂದ ಕುಡ್ಲೆ. ಊರಿನ ಕಡಲತೀರದ ದಕ್ಷಿಣ ತುದಿಗೆ ರಾಮತೀರ್ಥ ಅಂತ ಇದೆ. ಅಲ್ಲಿ ಮೆಟ್ಟಿಲು ಹತ್ತಿದ್ರೆ ರಾಮನ ಗುಡಿ, ಅಲ್ಲೇ ಸಿಹಿನೀರಿನ ಒರತೆ. ಗುಡಿ ದಾಟಿ ಮೇಲೆ ಹೋದ್ರೆ ಬಯಲು ಮುರಕಲ್ಲು (ಕೆಂಪು ಕಲ್ಲು) ಹಾಸು, ಆಚೆ ಇಳಿದ್ರೆ ಕುಡ್ಲೆ. ವಿಡಿಯೋದವರು 20 ನಿಮಿಷ ಅಂತಾರೆ, ನಿಮ್ಮ ಗುಂಪಿಗೆ 40 ಇಟ್ಕಳಿ.

ಎರಡನೇದು, ಕುಡ್ಲೆಯಿಂದ ಓಂ. ಕುಡ್ಲೆ ಮರಳನ್ನು ಈ ತುದಿಯಿಂದ ಆ ತುದಿವರೆಗೆ ನಡೆದು, ದಕ್ಷಿಣ ಮೂಲೆಯಲ್ಲಿ ಏರು ಹಿಡೀಬೇಕು. ಏರಿದ ಮೇಲೆ ಮತ್ತೆ ಬಯಲು, ನೆರಳು ಇಲ್ವೇ ಇಲ್ಲ ಅನ್ನಬಹುದು. ಓಂ ಕಡೆ ಇಳಿಯೋದು ಮೆಟ್ಟಿಲು. ಇದಕ್ಕೂ 40 ನಿಮಿಷ. ಆರು ವರ್ಷದ ಮಗು ಈ ಎರಡೂ ತುಂಡು ಆರಾಮಾಗಿ ನಡೀತದೆ.

ಮೂರನೇದು, ಓಂನಿಂದ ಹಾಫ್ ಮೂನ್. ನೋಡಲು ಚಂದ ಇರೋದು ಇದೇ, ಎಚ್ಚರ ಬೇಕಾದದ್ದೂ ಇಲ್ಲಿಂದಲೇ. ಓಂನ ದಕ್ಷಿಣ ತುದಿಯ ಅಂಗಡಿ ಹಿಂದಿನಿಂದ ದಾರಿ ಹತ್ತುತ್ತದೆ. ಮರಗಳ ನಡುವೆ ಕಾಲುದಾರಿ, ಕೆಲವು ಕಡೆ ಒಬ್ಬರೇ ಹೋಗುವಷ್ಟು ಅಗಲ, ಬಲಗಡೆ ನೇರ ದರೆ (ಕಡಿದಾದ ಅಂಚು), ಕೆಳಗೆ ಬಂಡೆ, ನೀರು. ಬೇಲಿ ಗೀಲಿ ಏನೂ ಇಲ್ಲ. 30ರಿಂದ 40 ನಿಮಿಷ.

ನಾಲ್ಕನೇದು, ಹಾಫ್ ಮೂನ್‌ನಿಂದ ಪ್ಯಾರಡೈಸ್. ಬಂಡೆ ಮೇಲೆ ಕೈ ಊರಿ ದಾಟೋದು, ದಾರಿ ಕವಲೊಡೆಯೋದು, ಎರಡೂ ಇದೆ. ಅಮ್ಮನ ಜೊತೆ, ಆರು ವರ್ಷದ ಮಗು ಜೊತೆ ಬೇಡ. ಹಾಫ್ ಮೂನ್‌ನಲ್ಲೇ ತಿರುಗಿ.

ನಡೆದೇ_ನೋಡು

ಹೆಚ್ಚಿನವರು ಸಂಜೆಯೇ ಹೋಗೋದು. ಸೂರ್ಯಾಸ್ತ ಬಿಟ್ಟರೆ ಆ ಗುಡ್ಡದಲ್ಲಿ ಏನಿದೆ? 4 ಗಂಟೆಗೆ ಕುಡ್ಲೆ ಬಿಟ್ಟು ಹಾಫ್ ಮೂನ್‌ನಲ್ಲಿ ಸೂರ್ಯ ಮುಳುಗೋದು ನೋಡಿ ವಾಪಸ್ ಬನ್ನಿ.

ತದಡಿ_ದೋಣಿ

ಇದನ್ನ ಒಪ್ಪೂದಿಲ್ಲ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗೋದು ಸಂಜೆ 6-10ರ ಆಸುಪಾಸು. 6-35ಕ್ಕೆಲ್ಲ ಮರದ ಅಡಿ ಕತ್ತಲೆ. ಹಾಫ್ ಮೂನ್‌ನಿಂದ ಓಂಗೆ ಬರುವ ಅದೇ ಸಣ್ಣ ದಾರಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಕಾಲಿನ ಮುಂದೆ ಎರಡು ಹೆಜ್ಜೆ ಕಾಣ್ತದೆ, ದರೆ ಎಲ್ಲಿ ಅಂತ ಕಾಣೂದಿಲ್ಲ. ಒಂದು ಕೈ ಟಾರ್ಚಿಗೆ ಹೋದರೆ ಮಗುವಿಗೆ ಒಂದೇ ಕೈ ಉಳೀತು.

ಬೆಳಿಗ್ಗೆ ಹೋಗಿ ಅನ್ನಲಿಕ್ಕೆ ಇನ್ನೂ ಎರಡು ಕಾರಣ ಇದೆ. ಈ ಗುಡ್ಡಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿದವು. ಸೂರ್ಯ ಬೆನ್ನ ಹಿಂದೆ ಹುಟ್ಟೋದರಿಂದ ಬೆಳಿಗ್ಗೆ ಸುಮಾರು 9ರವರೆಗೆ ಸಮುದ್ರದ ಕಡೆಯ ಇಳಿಜಾರು ಗುಡ್ಡದ ನೆರಳಲ್ಲೇ ಇರ್ತದೆ. ಮಧ್ಯಾಹ್ನ 2 ಆದ ಮೇಲೆ ಅದೇ ಇಳಿಜಾರಿಗೆ ಬಿಸಿಲು ಮುಖಕ್ಕೆ ಹೊಡೆದ ಹಾಗೆ, ನೀರಿನ ಮೇಲಿನ ಝಳ ಬೇರೆ. ಇನ್ನೊಂದು ಗಾಳಿ. ಬೆಳಿಗ್ಗೆ ನೆಲದ ಗಾಳಿ, ಸಮುದ್ರ ತಣ್ಣಗೆ ಇರ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಎದ್ದು ದೋಣಿ ಕುಣೀತದೆ. ಬೋಟಿನಲ್ಲಿ ಪ್ಯಾರಡೈಸ್ ನೋಡಿ ಬರೋದಾದರೆ 11ರ ಒಳಗೆ ಮುಗಿಸಿ. ಸೂರ್ಯಾಸ್ತ ಬೇಕಿದ್ದರೆ ಕುಡ್ಲೆಯ ಮರಳಲ್ಲೇ ಕೂತು ನೋಡಿ, ಅಲ್ಲಿಂದ ರಿಕ್ಷಾಕ್ಕೆ ದೂರ ಇಲ್ಲ.

ನಡೆದೇ_ನೋಡು

ನೆರಳಿನ ಲೆಕ್ಕ ಸರಿ ಇದೆ. ಮಕ್ಕಳಿಲ್ಲದವರಿಗೆ ಸಂಜೆ ಅಂತ ತಿದ್ದಿಕೊಳ್ಳುತ್ತೇನೆ.

ಹುಣ್ಣಿಮೆ_ಹೆದ್ದೆರೆ

ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಹೋಗಿ, ಉಳಿದ ದಿನ ಅಲೆಯ ಚಿಂತೆ ಇಲ್ಲ.

ಭರತ_ಇಳಿತ

ಎರಡು ಬೇರೆ ವಿಷಯ ಒಂದಾಗಿಬಿಟ್ಟಿವೆ ಇಲ್ಲಿ. ನೀರಿನ ಮಟ್ಟ ಏರಿ ಇಳಿಯೋದು ಭರತ-ಇಳಿತ, ಅದು ಚಂದ್ರ-ಸೂರ್ಯರ ಲೆಕ್ಕ. ಅಲೆ ಎಷ್ಟು ದೊಡ್ಡದು ಅನ್ನೋದು ಗಾಳಿಯ ಲೆಕ್ಕ, ಸಾವಿರಾರು ಕಿಲೋಮೀಟರ್ ಆಚೆ ಎದ್ದ ಗಾಳಿಯ ಅಲೆಯೂ ಇಲ್ಲಿಗೆ ಬಂದು ಬಡಿಯುತ್ತದೆ. ಆಕಾಶ ಶುಭ್ರವಾಗಿ, ತಿಥಿ ಸಪ್ತಮಿಯಾಗಿದ್ದರೂ ದೊಡ್ಡ ಅಲೆ ಬರಬಹುದು. ಹಾಗಾಗಿ ಹಿಂದಿನ ರಾತ್ರಿ ಎರಡನ್ನೂ ನೋಡಬೇಕು: ಕಾರವಾರದ ಭರತದ ವೇಳೆ, ಮತ್ತು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ (INCOIS) ಕೊಡುವ ಎತ್ತರದ ಅಲೆಗಳ ಮುನ್ನೆಚ್ಚರಿಕೆ.

ತಿಥಿಯಿಂದ ಅಂದಾಜು ಮಾಡುವುದು ಹೀಗೆ. ದಿನಕ್ಕೆ ಎರಡು ಭರತ, ಎರಡು ಇಳಿತ, ನಡುವೆ 6 ಗಂಟೆ ಚಿಲ್ಲರೆ. ಪ್ರತಿ ದಿನ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆಗೆ ಭರತ ಹೆಚ್ಚುಕಡಿಮೆ ನಡುಹಗಲಿಗೆ, ಇಳಿತ ಬೆಳಗಿನ ಜಾವ ಮತ್ತು ಸಂಜೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವು: ಬೆಳಿಗ್ಗೆ ಭರತ, ಮಧ್ಯಾಹ್ನ ಇಳಿತ. ಮಟ್ಟದ ವ್ಯತ್ಯಾಸ ಹುಣ್ಣಿಮೆ-ಅಮಾವಾಸ್ಯೆಗೆ ಸುಮಾರು 2 ಮೀಟರ್, ಅಷ್ಟಮಿಗೆ ಅದರ ಅರ್ಧದಷ್ಟು. ಇದು ಬರೀ ಅಂದಾಜು, ನಿಖರ ವೇಳೆಗೆ ಪಟ್ಟಿಯನ್ನೇ ನೋಡಿ.

ಗುಡ್ಡದ ಮೇಲೆ ನಡೆಯುವವರಿಗೆ ಇದೆಲ್ಲ ಯಾಕೆ ಅಂದರೆ, ದಾರಿ ಕೆಲವು ಕಡೆ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಓಂ ಬೀಚಿನ ಎರಡು ಅರ್ಧಚಂದ್ರಗಳ ನಡುವೆ ಬಂಡೆ ಮುಂದಕ್ಕೆ ಚಾಚಿಕೊಂಡಿದೆಯಲ್ಲ, ಇಳಿತದಲ್ಲಿ ಅದು ಆಟದ ಮೈದಾನದ ಹಾಗೆ ಕಾಣುತ್ತದೆ. ಭರತ ಏರುವಾಗ ಅದೇ ಬಂಡೆಯ ತುದಿಯಲ್ಲಿ ನಿಂತವರ ಹಿಂದಿನಿಂದ ನೀರು ಬರುತ್ತದೆ. ಹಾಫ್ ಮೂನ್ ದಾಟಿದ ಮೇಲಿನ ಬಂಡೆಗಳದ್ದೂ ಅದೇ ಕಥೆ.

ಬಂಡೆಗೆ ಇಳಿಯುವ ಮುನ್ನ ಬಣ್ಣ ನೋಡಿ. ಒಣ ಬಂಡೆ ಬೂದು ಅಥವಾ ಕಂದು, ಒದ್ದೆಯಾದದ್ದು ಕಡುಕಪ್ಪು. ಆ ಕಪ್ಪು ಗೆರೆ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಅಲೆ ಈಚೆಗೆ ಬಂದು ಹೋಗಿದೆ ಅಂತ ಅರ್ಥ. ಈಗ ಬರುವ ಅಲೆ ಚಿಕ್ಕದಿದ್ದರೂ ಆ ಗೆರೆಯ ಕೆಳಗೆ ಹೋಗಬೇಡಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ಹತ್ತು ಹದಿನೈದು ನಿಮಿಷ ಮೇಲಿಂದ ನೋಡಿದ ಮೇಲೆ ತೀರ್ಮಾನ ಮಾಡಿ. ಹಸಿರು ಪಾಚಿ ಇದ್ದ ಕಡೆ ಯಾವ ಬೂಟೂ ನಿಲ್ಲಲ್ಲ. ಬಿದ್ದರೆ ಬಂಡೆಗೆ ಅಂಟಿದ ಕಲ್ವಾ ಚಿಪ್ಪು ಅಂಗೈ ಕೊಯ್ಯುತ್ತದೆ.

ಚಿರೆಕಲ್ಲು

ಮೇಲಿನ ದರೆ ಬಗ್ಗೆ ಒಂದಿಷ್ಟು. ಇಲ್ಲಿ ಕಾಲ ಕೆಳಗಿರುವುದು ಮುರಕಲ್ಲು, ಪುಸ್ತಕದ ಭಾಷೆಯಲ್ಲಿ ಲ್ಯಾಟರೈಟ್. ಮಲಬಾರಿನಲ್ಲಿ ಮನೆಗೆ ಇಟ್ಟಿಗೆಯಂತೆ ಕಡಿಯುತ್ತಿದ್ದ ಇದೇ ಕಲ್ಲನ್ನು ನೋಡಿ ಫ್ರಾನ್ಸಿಸ್ ಬುಕನನ್ 1807ರಲ್ಲಿ ಆ ಹೆಸರು ಕೊಟ್ಟ, ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಇದರ ಗುಣ ಏನೆಂದರೆ ಗಾಳಿ-ಬಿಸಿಲಿಗೆ ಒಡ್ಡಿಕೊಂಡ ಮೇಲ್ಪದರ ಕಬ್ಬಿಣದಂತೆ ಗಟ್ಟಿ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಮಳೆನೀರು ಬಿರುಕಿನಲ್ಲಿ ಇಳಿದು, ಅಲೆ ಬುಡ ಕೊರೆದು, ಕೆಳಗಿನ ಮೆತ್ತನೆ ಪದರ ಮೊದಲು ಹೋಗುತ್ತದೆ. ಮೇಲಿನದು ಚಜ್ಜಾದ ಹಾಗೆ ಮುಂದಕ್ಕೆ ಉಳಿದುಕೊಳ್ಳುತ್ತದೆ. ಮೇಲೆ ನಿಂತವರಿಗೆ ಅದು ಘನ ಬಂಡೆ, ಕೆಳಗಿನಿಂದ ನೋಡಿದವರಿಗೆ ಮಾತ್ರ ಟೊಳ್ಳು ಕಾಣೋದು.

ಆದ್ದರಿಂದ ಅಂಚಿನಿಂದ ಕನಿಷ್ಠ ಎರಡು ಆಳುದ್ದ ಒಳಗೆ ಇರಿ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ ಆ ಬಿರುಕಿನ ಸಮುದ್ರದ ಕಡೆಗೆ ಕಾಲಿಡಲೇಬೇಡಿ. ಬುಡದಲ್ಲಿ, ದರೆಯ ನೆರಳಲ್ಲಿ ಚಾಪೆ ಹಾಸಿ ಊಟಕ್ಕೆ ಕೂರುವುದೂ ಬೇಡ, ತಂಪಾಗಿದೆ ಅಂತ ಎಲ್ಲರೂ ಅಲ್ಲೇ ಕೂರುತ್ತಾರೆ. ಪಕ್ಕದಲ್ಲಿ ಹೊಸದಾಗಿ ಬಿದ್ದ ಕೆಂಪು ಮಣ್ಣು, ಚೂಪು ಅಂಚಿನ ಕಲ್ಲು ಇದ್ದರೆ ಮೇಲೆ ಇನ್ನೂ ಸಡಿಲ ಇದೆ ಎಂದೇ ತಿಳಿಯಿರಿ.

ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. ನೀರು ಕುಡಿದ ಗುಡ್ಡ ಏನು ಮಾಡುತ್ತದೆ ಅನ್ನುವುದನ್ನು 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡಕುಸಿತದಲ್ಲಿ ನೋಡಿದ್ದೇವೆ. ಅದು ಹೆದ್ದಾರಿ ಪಕ್ಕದ ಗುಡ್ಡ, ಇದು ಕಡಲ ದರೆ. ಆದರೆ ನೆನೆದ ಮಣ್ಣಿನ ತೂಕ ಎರಡೂ ಕಡೆ ಒಂದೇ.

ಇನ್ನೊಂದು, ಯಾರೂ ಹೇಳದೇ ಇರುವುದು. ಬಯಲು ಹಾಸಿನ ಮೇಲೆ ಕಡಲೆಕಾಳಿನಷ್ಟು ದಪ್ಪದ, ಉರುಟಾದ, ಕಂದು ಹರಳುಗಳು ಹರಡಿಕೊಂಡಿರುತ್ತವೆ. ಮುರಕಲ್ಲಿನಿಂದ ಕಳಚಿದ ಕಬ್ಬಿಣದಂಶದ ಕಾಳು. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ, ಇಳಿಜಾರಿಗೆ ಬಂದೊಡನೆ ಬೂಟಿನ ಅಡಿ ರಾಗಿ ಚೆಲ್ಲಿದ ನೆಲದಂತೆ ಜಾರುತ್ತವೆ. ಇಲ್ಲಿ ಬೀಳುವವರಲ್ಲಿ ಹೆಚ್ಚಿನವರು ಹತ್ತುವಾಗ ಬೀಳುವುದಿಲ್ಲ, ಇಳಿಯುವಾಗ, ಅದೂ ಬೀಚ್ ಕಂಡ ಖುಷಿಗೆ ಹೆಜ್ಜೆ ಉದ್ದ ಮಾಡಿದಾಗ. ಹೆಜ್ಜೆ ಗಿಡ್ಡ ಮಾಡಿ, ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಮಡಿಸಿ ಇಳಿಯಿರಿ. ಕಾಳು ಕಡಿಮೆ ಇರುವ ಒರಟು ಕಲ್ಲನ್ನೇ ಹುಡುಕಿ ಕಾಲಿಡಿ.

ತುಮಕೂರು_ಟೆಂಟ್

ತುಂಬಾ ಉಪಯೋಗ ಆಯ್ತು. ಅಮ್ಮನಿಗೆ ಏನು ಮಾಡಲಿ? ಬಿಟ್ಟು ಹೋಗೋಕೆ ಮನಸ್ಸಿಲ್ಲ. ಮಕ್ಕಳನ್ನು ಹೇಗೆ ನಡೆಸೋದು ಅಂತಾನೂ ಹೇಳಿ.

ಮಂಡಿ_ಮಾತು

ಅಮ್ಮನಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಇಳಿಯುವಾಗ ಮಂಡಿ ಚಿಪ್ಪಿನ ಮೇಲೆ ಬೀಳುವ ಒತ್ತಡ ಜಾಸ್ತಿ. ಹಾಗಾಗಿ ನಡಿಗೆಯ ಉದ್ದ ಲೆಕ್ಕ ಹಾಕಬೇಡಿ, ಇಳಿಜಾರು ಎಷ್ಟು ಅಂತ ಲೆಕ್ಕ ಹಾಕಿ. ಊರಿನಿಂದ ಓಂ ಬೀಚಿನ ಮೇಲಿನ ವಾಹನ ನಿಲ್ದಾಣದವರೆಗೆ ರಿಕ್ಷಾ ಹೋಗುತ್ತದೆ. ಅಮ್ಮನ ಜೊತೆ ಒಬ್ಬರು ರಿಕ್ಷಾದಲ್ಲಿ ಅಲ್ಲಿಗೆ ಬರಲಿ. ಅಲ್ಲಿಂದ ಕಡಲಿಗೆ ಮೆಟ್ಟಿಲು ಇಳಿಯುವುದೊಂದೇ ಕೆಲಸ. ಉಳಿದವರು ಕುಡ್ಲೆಯಿಂದ ನಡೆದು ಬಂದು ಅವರನ್ನು ಕೂಡಿಕೊಳ್ಳಿ.

ಮೆಟ್ಟಿಲಲ್ಲಿ: ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಒಂದು ಮೆಟ್ಟಿಲಿಗೆ ಎರಡೂ ಪಾದ ಬಂದ ಮೇಲೆ ಮುಂದಿನ ಮೆಟ್ಟಿಲು. ಕೋಲು ಎರಡು ಇದ್ದರೆ ಒಳ್ಳೆಯದು. ಸಮ ನೆಲದಲ್ಲಿ ಮೊಣಕೈ 90 ಡಿಗ್ರಿ ಬಾಗುವಷ್ಟು ಉದ್ದ, ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ ಮಾಡಿ, ಮೊದಲು ಕೋಲು ಕೆಳಗೆ ಊರಿ ಆಮೇಲೆ ಕಾಲು. ಕೋಲಿನ ತುದಿಯ ರಬ್ಬರ್ ಟೊಪ್ಪಿ ಸಿಮೆಂಟ್ ಮೆಟ್ಟಿಲಿಗೆ ಸರಿ, ಮುರಕಲ್ಲಿಗೆ ಅದನ್ನು ತೆಗೆದರೆ ಲೋಹದ ಮೊನೆ ಚೆನ್ನಾಗಿ ಕಚ್ಚುತ್ತದೆ. ಮರಳಲ್ಲಿ ನಡೆಸುವುದಾದರೆ ನೀರಂಚಿನ ಗಟ್ಟಿ ಮರಳು, ಒಣ ಮರಳಲ್ಲಿ ಪಾದ ಹೂತು ಮಂಡಿ ತಿರುಚುತ್ತದೆ.

ಗೀತಕ್ಕನ_ಬುತ್ತಿ

ಮಕ್ಕಳ ವಿಷಯಕ್ಕೆ ಬರ್ತೀನಿ. ಒಬ್ಬ ಮಗುವಿಗೆ ಒಬ್ಬ ದೊಡ್ಡವರು, ಹೆಸರು ಹೇಳಿ ಒಪ್ಪಿಸಿ. ‘ಎಲ್ಲರೂ ನೋಡ್ಕೊಳ್ತೀವಿ’ ಅಂದರೆ ಯಾರೂ ನೋಡ್ಕೊಳ್ಳಲ್ಲ. ನಿಮ್ಮಲ್ಲಿ ದೊಡ್ಡವರು ಮೂವರು, ಒಬ್ಬರು ಅಜ್ಜಿ ಜೊತೆ ಓಂನಲ್ಲಿ ಕೂತರೆ ಇಬ್ಬರು ಮಕ್ಕಳಿಗೆ ಇಬ್ಬರು ಸರಿಯಾಗಿ ಸಿಕ್ಕರು. ಓಂನಿಂದ ಹೋಗುವಾಗ ಸಮುದ್ರ ಬಲಕ್ಕೆ, ಅಂದರೆ ಮಗು ಎಡಕ್ಕೆ. ಬರುವಾಗ ಇದನ್ನು ಬದಲಾಯಿಸಲು ಮರೆಯುತ್ತಾರೆ, ಅದೇ ಕೈ ಹಿಡಿದು ಮಗುವನ್ನ ದರೆ ಕಡೆಗೇ ನಡೆಸಿಬಿಡ್ತಾರೆ. ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಬೆವರಿದ ಬೆರಳು ಜಾರುತ್ತೆ. ಅಗಲ ಕಡಿಮೆ ಇರೋ ಕಡೆ ಮಗು ಮುಂದೆ, ನೀವು ಹಿಂದೆ, ಚೀಲದ ಪಟ್ಟಿ ಕೈಯಲ್ಲಿ.

ಪ್ರತಿ ಮಗುವಿನ ಕುತ್ತಿಗೆಗೆ ಸೀಟಿ. ಫೋಟೋ ತೆಗೆಯೋದಾದರೆ ಎಲ್ಲರೂ ನಿಂತ ಮೇಲೆ, ನಡೆಯುತ್ತಾ ಅಲ್ಲ, ಹಿಂದಕ್ಕೆ ಹೆಜ್ಜೆ ಇಡುತ್ತಾ ಅಂತೂ ಅಲ್ಲವೇ ಅಲ್ಲ.

ನೀರು: ದೊಡ್ಡವರಿಗೆ ಒಂದೂವರೆ ಲೀಟರ್, ಮಕ್ಕಳಿಗೆ ಒಂದು. ಹಾಫ್ ಮೂನ್‌ನಲ್ಲಿ ಅಂಗಡಿ ತೆರೆದಿರುತ್ತೆ ಅಂತ ನಂಬಿ ಹೋಗಬೇಡಿ. ಬುತ್ತಿಗೆ ಮೊಸರನ್ನ ಬೇಡ, ಆ ಸೆಕೆಗೆ ಹುಳಿಯಾಗುತ್ತೆ. ಪುಳಿಯೋಗರೆ, ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ, ಕಡಲೆ ಚಿಕ್ಕಿ, ಬಾಳೆಹಣ್ಣು. ಓಆರ್‌ಎಸ್ ಪೊಟ್ಟಣ ಎರಡು. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆದರೆ ಮಕ್ಕಳಿಗೆ ಅಪಾಯ, ಕೈ ಅಳತೆ ಬೇಡ. ಓಂನಲ್ಲಿ ದನಗಳು ಚೀಲಕ್ಕೇ ಬಾಯಿ ಹಾಕ್ತವೆ, ಬುತ್ತಿ ಮರಳ ಮೇಲೆ ಬಿಟ್ಟು ನೀರಿಗಿಳಿಯಬೇಡಿ.

ನಡೆದೇ_ನೋಡು

ಚಪ್ಪಲಿ? ಹವಾಯಿ ಹಾಕಿಕೊಂಡು ಹೋಗುವವರೇ ಜಾಸ್ತಿ ಅಲ್ಲಿ.

ಚಿರೆಕಲ್ಲು

ಹೋಗ್ತಾರೆ, ಪಟ್ಟಿ ಕಿತ್ತು ಬರಿಗಾಲಲ್ಲಿ ಬರ್ತಾರೆ. ಬಿಸಿಲಲ್ಲಿ ಮುರಕಲ್ಲು ಕಾವಲಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಅಡಿ ಸವೆಯದ ಬೂಟು ಸಾಕು, ದುಬಾರಿಯದು ಬೇಡ. ಬೂಟಿನಲ್ಲಿ ಮರಳು ಹೊಕ್ಕರೆ ಆಗಲೇ ತೆಗೆದು ಕೊಡವಿ, ಹಾಗೇ ಗುಡ್ಡ ಹತ್ತಿದರೆ ಅರ್ಧ ಗಂಟೆಗೆ ಬೊಬ್ಬೆ ಗ್ಯಾರಂಟಿ.

ಭರತ_ಇಳಿತ

ನೀರಿಗಿಳಿಯುವ ಮಾತು ಬಂತಲ್ಲ. ಓಂ ಮತ್ತು ಕುಡ್ಲೆಯಲ್ಲಿ ಜೀವರಕ್ಷಕರು ಇರುತ್ತಾರೆ. ಅವರು ಕೈ ತೋರಿಸಿದ ಕಡೆ ಬಿಟ್ಟು ಬೇರೆ ಕಡೆ ಇಳಿಯಬೇಡಿ, ಸೀಟಿ ಊದಿದರೆ ವಾದ ಬೇಡ. ಹಾಫ್ ಮೂನ್, ಪ್ಯಾರಡೈಸ್‌ನಲ್ಲಿ ಯಾರೂ ಇದ್ದಾರೆಂದು ಎಣಿಸಬೇಡಿ, ಮಕ್ಕಳಿಗೆ ಅಲ್ಲಿ ಮೊಣಕಾಲು ಮಟ್ಟ, ಅಷ್ಟೇ.

ಗುಡ್ಡದ ಮೇಲಿಂದ ನೋಡುವವರಿಗೆ ಒಂದು ಅನುಕೂಲ ಇದೆ: ಸೆಳೆತ ಎಲ್ಲಿದೆ ಅಂತ ಮೇಲಿಂದ ಕಾಣುತ್ತದೆ. ಎರಡೂ ಕಡೆ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಒಂದು ಓಣಿ ಮಾತ್ರ ನೊರೆಯಿಲ್ಲದೆ, ಕಡುಬಣ್ಣವಾಗಿ, ಶಾಂತವಾಗಿ ಕಂಡರೆ ನೀರು ಸಮುದ್ರಕ್ಕೆ ವಾಪಸ್ ಹರಿಯುವ ದಾರಿ ಅದೇ. ಈಜು ಬಾರದವರು ‘ಇಲ್ಲಿ ಅಲೆ ಇಲ್ಲ’ ಅಂತ ಅಲ್ಲೇ ಇಳಿಯುತ್ತಾರೆ. ಬಂಡೆಯ ಪಕ್ಕ ಪಕ್ಕದಲ್ಲೇ ಇಂಥ ಓಣಿ ಹೆಚ್ಚು. ಸಿಕ್ಕಿಕೊಂಡರೆ ದಡದ ಕಡೆ ಈಜಿ ದಣಿಯಬೇಡಿ. ತೇಲಿಕೊಂಡು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಒಡೆಯುವ ಕಡೆ ಬಂದ ಮೇಲೆ ದಡಕ್ಕೆ ತಿರುಗಿ.

ಮಂಡಿ_ಮಾತು

ಗಾಯದ ಪೆಟ್ಟಿಗೆಗೆ: ಕ್ರೇಪ್ ಬ್ಯಾಂಡೇಜ್ ಒಂದು (10 ಸೆಂ.ಮೀ. ಅಗಲ), ಗಾಜ್, ಅಂಟುಪಟ್ಟಿ, ಚಿಮುಟ. ಕಲ್ವಾ ಚಿಪ್ಪು ಕೊಯ್ದ ಗಾಯಕ್ಕೆ ಕುಡಿಯುವ ನೀರನ್ನೇ ಸುರಿದು ತೊಳೆದು, ಒಳಗೆ ಚೂರು ಉಳಿದಿದೆಯಾ ನೋಡಿ. ಟಿಟಿ ಚುಚ್ಚುಮದ್ದು ಯಾವಾಗ ಆಗಿದೆ ಅನ್ನುವುದು ಗೊತ್ತಿರಲಿ. ಕಣಕಾಲು ಉಳುಕಿದರೆ, ಎದ್ದು ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಮುರಿತ ಇರಬಹುದು, ನಡೆಸಬೇಡಿ. ಆಳವಿಲ್ಲದ ನೀರಿನ ಮರಳಲ್ಲಿ ತೊರಕೆ ಮೀನು (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಮಲಗಿರಬಹುದು, ಪಾದ ಎತ್ತಿಡದೆ ಮರಳಲ್ಲಿ ಎಳೆಯುತ್ತಾ ನಡೆದರೆ ಅದು ತಾನೇ ಸರಿದು ಹೋಗುತ್ತದೆ. ಚುಚ್ಚಿದರೆ ತಣ್ಣೀರೂ ಬೇಡ, ಐಸೂ ಬೇಡ. ತಡೆದುಕೊಳ್ಳಬಹುದಾದಷ್ಟು ಬಿಸಿನೀರಲ್ಲಿ ಪಾದ ಅದ್ದಿಟ್ಟು ಆಸ್ಪತ್ರೆಗೆ ಹೊರಡಿ. ನೀರಿನ ಬಿಸಿಯನ್ನು ಮೊದಲು ದೊಡ್ಡವರು ಕೈಯಿಟ್ಟು ನೋಡಬೇಕು, ನೋವಲ್ಲಿರುವ ಮಗುವಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋಗುತ್ತದೆ. ಏನಾದರೂ ಆದರೆ ಒಬ್ಬರು ಏರಿನ ಮೇಲಕ್ಕೆ ಹೋಗಿ 112ಕ್ಕೆ ಕರೆ ಮಾಡಬೇಕಾಗುತ್ತದೆ. ‘ಗೋಕರ್ಣ ಬೀಚ್’ ಅಂದರೆ ಸಾಲದು, ‘ಓಂ ಮತ್ತು ಹಾಫ್ ಮೂನ್ ನಡುವಿನ ಕಾಲುದಾರಿ’ ಅಂತ ಬಿಡಿಸಿ ಹೇಳಿ.

ಕೊಡೆ_ಮತ್ತು_ಕೋಲು

ಅಜ್ಜಿಗೆ ಇನ್ನೊಂದು ದಿನ ಇದ್ದರೆ ಹೊನ್ನಾವರದ ಕಡೆ ಬನ್ನಿ, ಗೋಕರ್ಣದಿಂದ 50 ಕಿ.ಮೀ. ಆಸುಪಾಸು. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಓಡಾಡಲು ಹಾಸು, ಶೌಚಾಲಯ, ಸ್ನಾನದ ವ್ಯವಸ್ಥೆ ಎಲ್ಲಾ ಇದೆ. ಪಕ್ಕದಲ್ಲೇ ಅಪ್ಸರಕೊಂಡ, ಅಲ್ಲಿ ಗುಡ್ಡದ ಮೇಲಿಂದ ಸಮುದ್ರ ನೋಡಲು ಹೆಚ್ಚು ನಡೆಯಬೇಕಾಗಿಲ್ಲ.

ತುಮಕೂರು_ಟೆಂಟ್

ಹಾಗಾದರೆ ಹೀಗೆ ಮಾಡ್ತೀವಿ. ಬೆಳಿಗ್ಗೆ 7ಕ್ಕೆ ಕುಡ್ಲೆ ಬಿಟ್ಟು ಮಕ್ಕಳ ಜೊತೆ ಇಬ್ಬರು ನಡೆದು ಓಂ, ಅಮ್ಮ ಮತ್ತು ಇನ್ನೊಬ್ಬರು ರಿಕ್ಷಾದಲ್ಲಿ. ಓಂನಲ್ಲಿ ತಿಂಡಿ. 8-30ಕ್ಕೆ ಹಾಫ್ ಮೂನ್ ಕಡೆ, ಅಲ್ಲಿ ಅರ್ಧ ಗಂಟೆ, 10-15ರ ಒಳಗೆ ವಾಪಸ್ ಓಂ. ಸಮುದ್ರ ಸುಮ್ಮನಿದ್ದರೆ ಎಲ್ಲರೂ ಬೋಟಿನಲ್ಲಿ ಪ್ಯಾರಡೈಸ್. ದೇವಸ್ಥಾನ ಹಿಂದಿನ ಸಂಜೆಯೇ.

ತದಡಿ_ದೋಣಿ

ಸರಿ ಇದೆ. ಬೋಟ್ ಹತ್ತುವ ಮೊದಲು ಮೂರು ಮಾತು: ಆರೂ ಜನಕ್ಕೆ ಜಾಕೆಟ್ ಇದೆಯಾ, ಮಗುವಿನ ಅಳತೆಯದ್ದು ಇದೆಯಾ, ಹೇಳಿದ ದರ ಹೋಗಿ ಬರೂದಕ್ಕಾ ಬರೀ ಹೋಗೂದಕ್ಕಾ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿ ಭುಜದ ಹತ್ರ ಹಿಡಿದು ಮೇಲೆ ಎತ್ತಿ ನೋಡಿ, ಕಿವಿವರೆಗೆ ಬಂದ್ರೆ ಅದು ನೀರಲ್ಲಿ ತಲೆ ಮೇಲಿಂದ ಕಳಚಿ ಹೋಗ್ತದೆ. ಮತ್ತೆ, ದೋಣಿ ಹತ್ತೂದು ಇಳಿಯೂದು ಮರಳಿಂದಲೇ, ಮೊಣಕಾಲು ನೀರಲ್ಲಿ. ಅಲೆ ಬಂದು ದೋಣಿ ಎತ್ತಿ ಇಳಿಸ್ತದೆ, ಅಮ್ಮನಿಗೆ ಆ ಒಂದು ಹೆಜ್ಜೆಯೇ ಕಷ್ಟ. ಇಬ್ಬರು ಕೆಳಗೆ ನಿಂತು ಹಿಡ್ಕಳಿ, ಅಲೆ ಹಿಂದೆ ಹೋದ ಮೇಲೆ ಹತ್ತಿಸಿ. ದೋಣಿ ಮತ್ತು ದಡದ ನಡುವೆ ಯಾರೂ ನಿಲ್ಲಬೇಡಿ.